ಹನ್ನೊಂದು ನಲವತ್ತೆರಡರ ನಂತರ

ಆನೆ ಬೇಕೆಂದು ಮಾಡಿದ್ದಲ್ಲ.
ಬೆನ್ನು ತುರಿಸಿತು, ಸಿಲ್ವರ್ ಓಕಿಗೆ ಒರಗಿತು, ಅಷ್ಟೆ.
ಮರ ತಂತಿಯ ಮೇಲೆ, ತಂತಿ ರಸ್ತೆಯ ಮೇಲೆ,
ಇಲ್ಲಿ ಸಿದ್ದಾಪುರದ ಮೆಣಸಿನ ಸೊಸೈಟಿಯಲ್ಲಿ
ಸರ್ವರಿನ ಹಸಿರು ದೀಪ
ಒಂದು ಮಾತೂ ಹೇಳದೆ ಆರಿತು.

ಯುಪಿಎಸ್ ಎರಡು ಸಲ ಕುಂಯ್‌ಗುಟ್ಟಿ ಸುಮ್ಮನಾಯಿತು.
ಬ್ಯಾಟರಿ ಬದಲಿಸಿ ಎಂದು ನಾನು ಬರೆದ ಪತ್ರ
ಆಗಸ್ಟಿನಿಂದ ಅಧ್ಯಕ್ಷರ ಮೇಜಿನ ಮೇಲೆ
ಪೇಪರ್‌ವೇಟ್ ಹೊತ್ತು ಮಲಗಿದೆ.

ಕರೆಂಟು ಬಂದಾಗ ಸಂಜೆ ಆರು.
ಹನ್ನೊಂದು ನಲವತ್ತೆರಡರವರೆಗೆ ಲೆಕ್ಕ ನೆಟ್ಟಗಿದೆ.
ಆಮೇಲಿನ ಐವತ್ತೇಳು ಜನರ ಮೆಣಸು
ಗೋದಾಮಿನಲ್ಲಿದೆ, ಪರದೆಯಲ್ಲಿಲ್ಲ.
ಚೀಟಿ ಕೊಟ್ಟಿದ್ದೆನಲ್ಲ, ತನ್ನಿ ಎಂದರೆ
ಬೆವರಿದ ಜೇಬುಗಳಿಂದ
ಬರೀ ಬಿಳಿ ಕಾಗದ ಹೊರಬಂತು.

ವಿರಾಜಪೇಟೆಯಿಂದ ಸಫ್ವಾನ್ ಫೋನಿನಲ್ಲಿ:
"ಲಿಸಿಯಕ್ಕಾ, ಏನೂ ಒತ್ತಬೇಡಿ.
ಮೊದಲು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ.
ಆಮೇಲೆ ಆ ಇನ್ನೊಂದು ಕಡತ ಹುಡುಕುವ,
ಮಾಡುವ ಮುಂಚೆಯೇ 'ಮಾಡುತ್ತೇನೆ' ಅಂತ
ಯಂತ್ರ ಬರೆದಿಡುವ ಕಡತ."

ಮಾಡಿದ್ದು ಅಳಿದರೂ
ಮಾಡುತ್ತೇನೆಂದದ್ದು ಉಳಿಯುತ್ತದಂತೆ.
(ಅಧ್ಯಕ್ಷರಲ್ಲಿ ಇದು ತಿರುವುಮುರುವು.)

ರಾತ್ರಿಯಿಡೀ ಅದು ಆ ದಿನವನ್ನು
ಮತ್ತೆ ಮೊದಲಿನಿಂದ ಬದುಕಿತು.
ಮೂಟೆ ಏರಿತು, ಮೂಟೆ ಇಳಿಯಿತು,
ಹಂಸಾಕನ ಮೂವತ್ತೊಂಬತ್ತು, ಬೋಪಯ್ಯನ ನೂರಾ ನಾಲ್ಕು,
ನಾನು ತಪ್ಪು ಒತ್ತಿ ತಿದ್ದಿದ್ದು ಸಮೇತ.
ಕೋಳಿ ಕೂಗುವಾಗ ಐವತ್ತಾರು.

ಐವತ್ತೇಳನೆಯದು: ಮಾಚಂಗಡ ಚೋಂದಮ್ಮ.
ಹೆಸರಿದೆ. ತೂಕದ ಜಾಗದಲ್ಲಿ
ಆನೆ ಬೆನ್ನು ತುರಿಸಿದೆ.

ಬೆಳಿಗ್ಗೆ ಬಂದಳು, ಕೇಳುವ ಮೊದಲೇ ಹೇಳಿದಳು:
"ಅರವತ್ತೆರಡಕ್ಕೆ ಒಂದು ಬೊಗಸೆ ಕಮ್ಮಿ."
ಬೊಗಸೆ?
"ನಿನ್ನ ತಕ್ಕಡಿಯಿಂದಲೇ ತೆಗೆದೆನಲ್ಲ,
ರಾತ್ರಿ ಪಂದಿಕರಿಗೆ. ಹುರಿದು ಕುಟ್ಟಿ ಆಯಿತು,
ತಿಂದೂ ಆಯಿತು."

ಈ ಸಾಫ್ಟ್‌ವೇರಿಗೆ ಬೊಗಸೆ ಗೊತ್ತಿಲ್ಲ.
ದಶಾಂಶ ಎರಡು ಸ್ಥಾನ ಕೇಳುತ್ತದೆ.
ಗೋದಾಮಿಗೆ ಕರೆದೊಯ್ದೆ.
ತೆರೆದ ಚೀಲಕ್ಕೆ ಕೈಯಿಳಿಸಿದಳು,
ಗಂಟುಬಿದ್ದ ಹತ್ತು ಬೆರಳು, ಅದೇ ಕೈ, ಅದೇ ಅಳತೆ.
ತಕ್ಕಡಿ ಸ್ವಲ್ಪ ಹೊತ್ತು ತಡವರಿಸಿ
ನೂರಾ ಎಂಬತ್ತು ಗ್ರಾಮಿಗೆ ನಿಂತಿತು.

ಅರವತ್ತೊಂದು ಬಿಂದು ಎಂಟು ಎರಡು.
ಉಳಿಸಿದೆ. ಇನ್ನೊಮ್ಮೆ ಉಳಿಸಿದೆ.

ತಿರುಗಿ ನೋಡಿದರೆ ಚೋಂದಮ್ಮ
ಆ ಬೊಗಸೆಯನ್ನೂ ತಲೆವಸ್ತ್ರದ ತುದಿಗೆ ಗಂಟು ಹಾಕಿ
ಬಾಗಿಲು ದಾಟುತ್ತಿದ್ದಾಳೆ.

ಅದನ್ನು ನಾನು ಎಲ್ಲಿಯೂ ಬರೆದಿಟ್ಟಿಲ್ಲ.