ಗಾಳಿ ಯಾವ ಕಡೆಯದು

ಅಜ್ಮಾನ್ ಖಾಡಿಯ ದಂಡೆ,
ಹಗ್ಗ ಮಾರುವ ಅಂಗಡಿಯ ಮೇಲಿನ ಮಾಳಿಗೆ,
ನನ್ನ ಮೇಜು, ಒಂದು ಪ್ರಿಂಟರು, ಕೆಮ್ಮುವ ಏಸಿ.

ಅಪಘಾತ ವರದಿಯ ನಮೂನೆ ಆರು ಪುಟದ್ದು.
ಮೊದಲು ಹಡಗು.
ಅದರ ಉದ್ದ, ಅದರ ತೂಕ, ಹೊತ್ತ ಬಾವುಟ
(ಹಡಗಿನಲ್ಲಿದ್ದ ಒಬ್ಬನೂ ಕಂಡಿರದ ಯಾವುದೋ ದ್ವೀಪದ್ದು),
ಈಗಿನ ಹೆಸರು, ಹಿಂದಿನ ಹೆಸರು, ಅದರ ಹಿಂದಿನದು.
ಬಣ್ಣ ಕೆರೆದರೆ ಮೂರೂ ಕಾಣುತ್ತವೆ.
ಆಮೇಲೆ ಎಣ್ಣೆ: ಚೆಲ್ಲಿದ್ದೆಷ್ಟು ಲೀಟರು?
ಆಮೇಲೆ ಸರಕು: ನೆನೆದದ್ದೆಷ್ಟು ಚೀಲ?
ಐದನೆಯ ಪುಟದ ತಳಕ್ಕೆ, ಹದಿನೇಳನೆಯ ಕಲಮಿನಲ್ಲಿ
ಮನುಷ್ಯ.

ಇಂಗ್ಲಿಷಿನ ಅಕ್ಷರಕ್ಕೊಂದರಂತೆ ಹದಿನೆಂಟು ಚೌಕ.
ಉಮಾಕಾಂತ ಸೋಮಾ ಹರಿಕಂತ್ರ, ಊರು ಮಾಜಾಳಿ.
'ಹರಿ'ಗೆ ಬರುವಾಗ ಚೌಕ ಮುಗಿಯಿತು.
ಉಳಿದ 'ಕಂತ್ರ' ಹೊರಗೆ, ನೀರಿನಲ್ಲಿ.

ಹುದ್ದೆ: ಆಯಿಲರ್. ವಯಸ್ಸು: ಮೂವತ್ತೊಂದು.
ಮುಂದಿನದನ್ನು ಕಂಪನಿಯವರೇ ಪೆನ್ಸಿಲಿನಲ್ಲಿ ತುಂಬಿ ಕಳಿಸಿದ್ದರು.
ಸ್ಥಿತಿ: ಕಾಣೆ.
ಕಾರಣ: ವಾಯುವ್ಯದ ಶಮಾಲ್ ಬಿರುಗಾಳಿ. ದೈವೇಚ್ಛೆ.
ಪೆನ್ಸಿಲಿನ ಮೇಲೆ ಶಾಯಿ ಓಡಿಸುವುದಷ್ಟೆ
ನನ್ನ ಪಾಲಿನ ಕೆಲಸ.

'ಕಾಣೆ' ಅಗ್ಗದ ಮಾತು.
ಸತ್ತವನಿಗಾದರೆ ದುಡ್ಡು ಕೊಡಬೇಕು,
ಕಾಣೆಯಾದವನಿಗೆ ಕಾದರೆ ಸಾಕು, ಏಳು ವರ್ಷವಂತೆ.
ಅಷ್ಟರಲ್ಲಿ ಹಡಗಿಗೆ ನಾಲ್ಕನೆಯ ಹೆಸರು ಬಂದಿರುತ್ತದೆ.

ಮಾಜಾಳಿಗೆ ಫೋನು ಹಚ್ಚಿದೆ.
ನಾನು ಅಂಕೋಲೆಯವ, ಕನ್ನಡ ಕೊಂಕಣಿ ಎರಡೂ ಬಲ್ಲೆನೆಂದು
ಇಂಥದ್ದನ್ನೆಲ್ಲ ನನ್ನ ತಲೆಗೇ ಕಟ್ಟುತ್ತಾರೆ.
ಸುಲಕ್ಷಾ ಆಗಷ್ಟೇ ಮೀನಿನ ಬುಟ್ಟಿ ಇಳಿಸಿದ್ದಳು.
ಹೇಳಿದೆ. ಹೇಗೆ ಹೇಳಿದೆನೋ.
ಆಚೆ ಕಡೆ ನಲ್ಲಿ ಸುರಿಯುತ್ತಲೇ ಇತ್ತು,
ಯಾರೋ ಬಂದು ನಿಲ್ಲಿಸಿದರು.
ಅಳುತ್ತಾಳೆಂದು ಫೋನನ್ನು ಕಿವಿಯಿಂದ ತುಸು ದೂರ ಹಿಡಿದೆ.
ಅವಳು ಕೇಳಿದಳು:
"ಗಾಳಿ ಯಾವ ಕಡೆಯದಿತ್ತು?"

ಹದಿನಾಲ್ಕು ವರ್ಷ ಈ ಮೇಜಿನಲ್ಲಿ,
ಇದನ್ನು ಯಾರೂ ಕೇಳಿರಲಿಲ್ಲ.
ವಾಯುವ್ಯದ್ದು ಎಂದೆ, ಪೆನ್ಸಿಲು ನೋಡಿ.

"ಸುಳ್ಳು.
ಆ ರಾತ್ರಿ ಹನ್ನೊಂದಕ್ಕೆ ಮಾತಾಡಿದ್ದರು, ಡೆಕ್ಕಿನಲ್ಲಿ ನಿಂತು.
ಗಾಳಿಯಿದ್ದರೆ ಫೋನು ಗೊರಗೊರ ಅನ್ನುತ್ತದೆ.
ನನಗೆ ಅವರ ಉಸಿರು ಕೇಳುತ್ತಿತ್ತು."

ಮರುದಿನ ಸಿಹಿನೀರು ಒಯ್ಯುವ ದೋಣಿ ಹತ್ತಿ ಹೋದೆ.
ದಡದಿಂದ ಆರು ಮೈಲಿಗೆ ಲಂಗರು ಬಿದ್ದ ತುಕ್ಕು,
ಒಂಬತ್ತು ತಿಂಗಳ ಸಂಬಳ ಕಾಣದ ಹನ್ನೊಂದು ಮುಖ.
ಕ್ಯಾಪ್ಟನ್ನು ನಿದ್ದೆಯಲ್ಲಿದ್ದಾನೆ ಅಂದರು.
ನೊಆಖಾಲಿಯ ಅಡುಗೆಯವ ಶಫೀಉಲ್ ಕೈಹಿಡಿದು ಹಿಂಬದಿಗೆ ಒಯ್ದ:
ಕಬ್ಬಿಣದ ಕಂಬಿ ಇರಬೇಕಾದಲ್ಲಿ
ನೀಲಿ ಪ್ಲಾಸ್ಟಿಕ್ ಹಗ್ಗ.
ನಾನು ಬಲ್ಲ ಹಗ್ಗ. ನಮ್ಮ ಕೆಳಗಿನ ಅಂಗಡಿಯದೇ,
ಮೀಟರಿಗೆ ಎರಡು ದಿರ್ಹಾಮ್.
ನಡುವೆ ಹೊಸ ಗಂಟು, ಇನ್ನೂ ಕೊಳೆ ಹಿಡಿದಿರಲಿಲ್ಲ.
"ಅಂದು ಕಡಲು ತಟ್ಟೆಯ ಹಾಗಿತ್ತು, ಬಾಬು," ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಅವನ ತಟ್ಟೆ ಬೆಳಗಿನತನಕ ಮುಚ್ಚಿಟ್ಟಿದ್ದೆ."

ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಿದ್ದಳು ಅವ್ವ.
ಇಲ್ಲ ಅವ್ವ,
ಇಲ್ಲಿ ಉಪ್ಪು ತಿಂದವನೊಬ್ಬ,
ನೀರು ಕುಡಿದವನೊಬ್ಬ.

ರಬ್ಬರಿನಿಂದ ಉಜ್ಜಿದೆ. ಬಿರುಗಾಳಿ ಪುಡಿಪುಡಿಯಾಗಿ ಮೇಜಿಗೆ ಬಿತ್ತು,
ದೈವೇಚ್ಛೆಯೂ.
ಗಾಳಿ: ಇಲ್ಲ.
ಕಂಬಿ: ಇಲ್ಲ.
ಸ್ಥಿತಿ: ಕೆಲಸದಲ್ಲಿದ್ದಾಗ ಮರಣ.
ಹಗ್ಗದ ಫೋಟೋ, ಅವಳ ಮಾತು, ಶಫೀಉಲನ ಹೆಬ್ಬೆಟ್ಟು.
ಒಂದು ಪ್ರತಿ ಬಂದರಿಗೆ, ಒಂದು ದೂತಾವಾಸಕ್ಕೆ,
ಒಂದು ಆ ಯಾರೂ ಕಾಣದ ದ್ವೀಪಕ್ಕೆ.
ಆ ಅರ್ಧ ಹೆಸರನ್ನು
ಚೌಕದಾಚೆ, ಅಂಚಿನ ಬಿಳಿಯಲ್ಲಿ, ಕೈಯಿಂದಲೇ ಬರೆದೆ.

ಮಾಲೀಕರ ಫೋನು ಬಡಿಯುತ್ತಿದೆ, ಮೂರನೆಯ ಸಲ.
ಬಡಿಯಲಿ.
ನಾಳೆ ಈ ಮೇಜು ಇದ್ದೀತೋ ಇಲ್ಲವೋ.
ಕೆಳಗೆ ಅಂಗಡಿಯಲ್ಲಿ ಯಾರೋ
ನೀಲಿ ಹಗ್ಗ ಅಳೆಸುತ್ತಿದ್ದಾರೆ:
ಒಂದು ಮೀಟರು,
ಎರಡು,
ಮೂರು.