ಎಂಟಾಣೆಯ ಏಣಿ

ವಾಸ್ಕೋದ ರೈಲುಗೇಟಿನ ಆಚೆ
ಕಾಯ್ತಾನನ ಸೋಡಾ ಅಂಗಡಿಯ ಹಿಂದುಗಡೆ
ಬೀರುವಿನೆತ್ತರದ ಒಂದು ಪೆಟ್ಟಿಗೆ ಇತ್ತು.
ಅದರ ಹೊಟ್ಟೆಯಲ್ಲಿ ದೀಪ. ದೀಪದಲ್ಲಿ ಅಟ್ಟಣಿಗೆ.
ಅಟ್ಟಣಿಗೆಯ ತುದಿಗೆ ಸಿಟ್ಟಿನ ಕೋತಿ.

ಕೋತಿ ಪೀಪಾಯಿ ಉರುಳಿಸುತ್ತದೆ.
ಕೆಳಗಿನಿಂದ ಹೆಬ್ಬೆರಳಷ್ಟು ಆಳು
ಏಣಿ ಏರುತ್ತಾನೆ, ಜಿಗಿಯುತ್ತಾನೆ, ಸಾಯುತ್ತಾನೆ.
ಮೂರು ಸಲ ಸಾಯಲು ಎಂಟಾಣೆ.

ನನ್ನ ಹತ್ತಿರ ಎಂಟಾಣೆ ಇರುತ್ತಿದ್ದುದು ಶನಿವಾರ ಮಾತ್ರ,
ಅವ್ವನ ಬಟವಾಡೆಯ ದಿನ.
ಬಂದರಿನ ರಸ್ತೆಯ ಹೊಸ ಕಟ್ಟಡಕ್ಕೆ
ಗಿಲಾವಿನ ಬುಟ್ಟಿ ಹೊರುತ್ತಿದ್ದಳು ಅವ್ವ.
ಬಿದಿರಿನ ಅಟ್ಟ, ಕಾತಿಯ ಗಂಟು, ನಾಲ್ಕು ಮಾಳಿಗೆ.
"ಕೆಳಗ ನೋಡಬಾರದು, ಮ್ಯಾಲ ನೋಡಬಾರದು,
ಮುಂದಿನ ಮೆಟ್ಟಲಾ ಅಷ್ಟ ನೋಡಬೇಕು"
ಅನ್ನುತ್ತಿದ್ದಳು, ರೊಟ್ಟಿ ಬಡಿಯುತ್ತ.
ನನಗೆ ಆಟ ಕಲಿಸಿದ್ದು ಆ ಮಾತೇ.

ದಾವಲನ ವಿದ್ಯೆ ಬೇರೆ.
ಬಾರ್ಜಿನ ಮೇಲೆ ಕೆಲಸ, ಉಗುರಿನ ಸಂದಿಯಲ್ಲಿ ಅದಿರು.
ಪೀಪಾಯಿ ಎಷ್ಟು ದೂರವಿದೆಯೆಂದು ಕಿವಿಯಲ್ಲೇ ಅಳೆಯುವನು.
ಕಣ್ಣು ಮುಚ್ಚಿ ಒಮ್ಮೆ ಎರಡು ಏಣಿ ದಾಟಿದ್ದನಂತೆ;
ನಾನು ನೋಡಿಲ್ಲ, ನೋಡಿದವರು ಸುಳ್ಳುಗಾರರು.

ಹಡಗಿನ ಅಡುಗೆಯವನಿಂದ ಕೇಳಿದ ಕತೆಯನ್ನು
ಅವನೇ ನಮಗೆ ದಾಟಿಸಿದ್ದು:
ಜಪಾನಿನವರ ಆಟ ಇದು.
ಬೇರೆ ಯಾವುದೋ ಆಟದ ಪೆಟ್ಟಿಗೆಗಳು ಖರ್ಚಾಗದೆ
ಅಮೆರಿಕದ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದವು.
ಒಳಗಿನ ಕರುಳು ಬದಲಿಸಿ ಇದನ್ನು ತುಂಬಿದರು.
ಅಲ್ಲಿಯತನಕ ಇಂಥ ಪೆಟ್ಟಿಗೆಗಳಲ್ಲಿ
ಹೆಚ್ಚಾಗಿ ಗುಂಡು ಹಾರಿಸೋದು, ಇಲ್ಲ ಚುಕ್ಕಿ ನುಂಗೋದು.
ಇದರಲ್ಲಿ ಜಿಗಿಯಲಿಕ್ಕೆಂದೇ ಒಂದು ಗುಂಡಿ!
"ಬಂದೂಕು ಇಲ್ಲದಾಂವ ಏನ್ ಮಾಡಬೇಕಲೇ? ಜಿಗೀಬೇಕು"
ಅಂದ ದಾವಲ, ಬೀಡಿ ಹೊತ್ತಿಸುತ್ತ.

"ಜಪಾನ್ ಅಂದ್ರ ಎಲ್ಲಿ?"
ಬಂದರಿನ ಕಡೆ ಗದ್ದ ಎತ್ತಿ ತೋರಿಸಿದ.
ಮುರ್ಮಗೋವಾದಲ್ಲಿ ನಿಂತ ಹಡಗಿನ ಹೊಟ್ಟೆಗೆ
ನಮ್ಮ ಓಣಿಯ ಗಂಡಸರು ಸುರಿಯುವ ಕೆಂಪು ಮಣ್ಣು
ಅಲ್ಲಿಗೇ ಹೋಗಿ, ಕರಗಿ, ಉಕ್ಕಾಗುತ್ತದಂತೆ.
ಆ ರಾತ್ರಿ ನನಗೆ ನಿದ್ದೆ ಇಲ್ಲ.
ಪರದೆಯ ಮೇಲಿನ ಆ ಕೆಂಪು ತೊಲೆಗಳು, ಹಾಗಾದರೆ!
(ಅವು ಬರೀ ಬೆಳಕು, ಒಂದು ಗುಂಜಿ ಕಬ್ಬಿಣವೂ ಇಲ್ಲ
ಎಂದು ಈಗ ಗೊತ್ತು.
ಗೊತ್ತಾಗಿ ಏನೂ ಪ್ರಯೋಜನವಾಗಲಿಲ್ಲ.)

ಒಂದು ಶನಿವಾರ ಅವ್ವ ನನ್ನ ಹುಡುಕುತ್ತ ಬಂದಳು.
ತಲೆಯ ಮೇಲೆ ಸಿಂಬಿ ಹಾಗೇ ಇತ್ತು.
ಬೈಯಲಿಲ್ಲ. ನಿಂತು ನೋಡಿದಳು.
"ಮ್ಯಾಲಿನಾಕಿ ಯಾಕ ಸುಮ್ನ ನಿಂತಾಳ?"
"ಕಾಪಾಡ್ರಿ ಅಂತ ಒದರಾಕತ್ತಾಳವ್ವಾ."
"ಏಣಿ ಐತೆಲ್ಲ, ಇಳೀಲಿ."

ಹುಡುಗರು ಬಿದ್ದು ಬಿದ್ದು ನಕ್ಕರು.
ದಾವಲ ನಗಲಿಲ್ಲ. ತನ್ನ ಎಂಟಾಣೆ ಹಾಕಿದ.
"ಚಿಗವ್ವಾ, ಒಂದ್ ಕೈ ಆಡ್ರಿ."
ಸಿಮೆಂಟು ತಿಂದ ಬೆರಳುಗಳು ಹಿಡಿಕೆ ಹಿಡಿದವು.
ಜಿಗಿಯುವ ಗುಂಡಿಯನ್ನು ಅವ್ವ ಮುಟ್ಟಲೇ ಇಲ್ಲ;
ಪೀಪಾಯಿ ಬಂದಾಗ ತಾನೇ ಬದಿಗೆ ಸರಿದಳು,
ಪೆಟ್ಟಿಗೆಯ ಮುಂದೆ, ಸೊಂಟ ವಾಲಿಸಿ.
ಎರಡನೇ ತೊಲೆಯಲ್ಲೇ ಸತ್ತಳು, ಮೂರೂ ಸಲ.
"ಬುಟ್ಟಿ ಇಲ್ದ ಏರೂದು ನನಗ ಬರೂದಿಲ್ಲೋ ಯಪ್ಪಾ"
ಅಂದು ಸೆರಗಿನಿಂದ ಹಿಡಿಕೆ ಒರೆಸಿ ಬಂದಳು.

ಆ ಆಟಕ್ಕೆ ಕೊನೆ ಇದೆಯೆಂದು ಮೊನ್ನೆ ಓದಿದೆ.
ಇಪ್ಪತ್ತೆರಡನೇ ಸುತ್ತಿಗೆ ಯಂತ್ರದ ಲೆಕ್ಕವೇ ತಪ್ಪಿ
ಹೊತ್ತು ಬೇಗನೆ ಮುಗಿಯುತ್ತದೆ;
ಪೀಪಾಯಿ ತಗಲದೆ, ಯಾರೂ ತಳ್ಳದೆ
ಆಳು ನಿಂತಲ್ಲೇ ಬೀಳುತ್ತಾನೆ.
ಕಾಯ್ತಾನನ ಅಂಗಡಿಯಲ್ಲಿ ಯಾರೂ ಐದು ದಾಟಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಅವನೂ ಕರುಳು ಬದಲಿಸಿದ.
ಕುಸ್ತಿಯ ಆಟ ಬಂತು.
ಪಕ್ಕದ ಹಲಗೆಯ ಮೇಲೆ ಬಹಳ ದಿನ
ಕೋತಿಯ ಅರ್ಧ ಹಲ್ಲುಸಾಲು ಉಳಿದಿತ್ತು.

ನಾನು ಎಂಟಾಣೆ ಕೇಳುವುದು ಬಿಟ್ಟೆ.
ಅವ್ವ ಕೊಡುವುದು ಬಿಡಲಿಲ್ಲ.