ಹದಿಮೂರು ಇಂಚು

ಸೂರಿನೊಳಗೆ ಜಂತೆ ಎಲ್ಲಿದೆಯೆಂದು
ಕೂರಿಸಿದವನೇ ಬಲ್ಲ.
ಕೂರಿಸಿದವನಿಗೀಗ ಮಾತಿಲ್ಲ.

ಥಂಡರ್ ಬೇ ಊರಿನ ಇಳಿಜಾರು ಬೀದಿ,
ಫೆಬ್ರವರಿ, ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ.
ಒಳಗೆ ಬಾಡಿಗೆಗೆ ತಂದ ಆಸ್ಪತ್ರೆ ಮಂಚ,
ಮಂಚದ ಮೇಲೆ ನನ್ನ ತಮ್ಮ ತೌನೊ,
ಪಕ್ಕದಲ್ಲಿ ಏಣಿ, ಏಣಿಯ ಮೇಲೆ ನಾನು:
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವಳಲ್ಲ.
ಹೊಡೆಯಲು ಇವನು ಬಿಟ್ಟಿದ್ದರೆ ತಾನೇ!

ನರ್ಸ್ ಕೋರಲ್ ಹೇಳಿಹೋಗಿದ್ದಾಳೆ:
ತಲೆಯ ಮೇಲೊಂದು ಕೊಕ್ಕೆ, ಕೊಕ್ಕೆಗೆ ಸರಪಳಿ,
ಸರಪಳಿಗೆ ಹಿಡಿಕೆ. ಎಡಗೈಯಲ್ಲಿ ಜಗ್ಗಿ
ತಾನೇ ಏಳಬೇಕು, ತಾನೇ ಮಗ್ಗುಲಾಗಬೇಕು.
ಬರೀ ಜಿಪ್ಸಮ್ ಹಲಗೆಗೆ ಸಿಕ್ಕಿಸೀರಿ ಜೋಕೆ,
ಸೂರೂ ಅವನೂ ಒಟ್ಟಿಗೇ ಬಿದ್ದಾರು.

ಅಂಗಡಿಯಿಂದ ತಂದ ಜಂತೆ ಹುಡುಕುವ ಯಂತ್ರ
ಇಟ್ಟಲ್ಲೆಲ್ಲ ಕೀಂ ಅಂದಿತು.
ಎಲ್ಲದಕ್ಕೂ ಹೂಂ ಅನ್ನುವವರನ್ನು
ಬಸ್ಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ.
ಡಬ್ಬಿಗೆ ಹಾಕಿ ಮುಚ್ಚಿದೆ.

ಗೆಣ್ಣಿನಿಂದ ಬಡಿದೆ. ಡೊಬ್. ಡೊಬ್.
ಡೊಬ್. ಟಕ್?
ಅದು ಸೂರಿನ ದನಿಯೋ ನನ್ನ ಆಸೆಯದೋ.
ಕೆಳಗಿಂದ ಚಮಚ ಮಂಚದ ಕಂಬಿಗೆ ಒಮ್ಮೆ ತಾಗಿತು.
ಒಂದು ಅಂದರೆ ಅಲ್ಲ, ಎರಡು ಅಂದರೆ ಹೌದು;
ನವೆಂಬರಿನಿಂದ ನಮ್ಮ ಮನೆಯ ವ್ಯಾಕರಣ ಇಷ್ಟೇ.

ಫ್ರಿಜ್ಜಿನ ಬಾಗಿಲಿಂದ ಅಯಸ್ಕಾಂತದ ಮೀನು ಕಿತ್ತು ತಂದೆ.
ಗೋಡೆಯಂಚಿನಲ್ಲಿ ಸೂರಿಗೊತ್ತಿ ಜಾರಿಸಿದರೆ
ಬಣ್ಣದಡಿಯ ತಿರುಪಿಗೆ ಗಪ್ಪನೆ ಕಚ್ಚಿತು.
ಮೊದಲ ಜಂತೆ! ಎರಡು ಸದ್ದು ಬಂತು.
ಮಂಚದ ಕಡೆ ಸರಿದರೆ, ಮಳೆ ಸೋರಿದ ವರ್ಷ
ಮೇಲೆ ಅಂಟಿಸಿದ ಇನ್ನೊಂದು ಹಲಗೆ;
ಅಷ್ಟು ಆಳಕ್ಕೆ ಮೀನು ಇಳಿಯಲಿಲ್ಲ.

ಸರಿ, ಅಳತೆಯೇ ಗತಿ.
ಹದಿನಾರು ಇಂಚಿಗೊಂದು, ಎಂದೂ ಹದಿನಾರು,
ಊಟದ ಮೇಜಿನಲ್ಲಿ ಸಾವಿರ ಸಲ ಕೇಳಿದ ಮಾತು.
ಹದಿನಾರಕ್ಕೆ ಡ್ರಿಲ್ ಹಚ್ಚಿದೆ, ಸಣ್ಣ ಮೊನೆ:
ಸುಯ್ ಎಂದು ಪೂರಾ ಒಳಗೆ. ಬಿಳಿ ಪುಡಿ
ಜರಡಿ ಹಿಡಿದ ಹಿಟ್ಟಿನಂತೆ ಅವನ ಹೊದಿಕೆಗೆ.
ಟಕ್.
ಒಂದಿಂಚು ಆಚೆ. ಬಿಳಿ. ಟಕ್.
ಎರಡಿಂಚು ಆಚೆ. ಬಿಳಿ. ಟಕ್.
ನೀನೇ ಕಟ್ಟಿದ್ದಲ್ಲವೇನೋ, ಎಲ್ಲಿ ಬಚ್ಚಿಟ್ಟೆ, ಎಂದು
ಬಸ್ಸಿನ ಹಿಂದಿನ ಸೀಟಿಗೆ ಕೇಳುವಂತೆ ಕೂಗಿದೆ.

ಆಗ ಚಮಚ ಶುರುವಾಯಿತು. ಟಕ್ ಟಕ್ ಟಕ್ ಟಕ್,
ನಿಲ್ಲದೆ. ಫಿಟ್ಸೇ ಬಂತೆಂದು ಏಣಿ ಇಳಿಯತೊಡಗಿದೆ,
ಫೋನು ಎಲ್ಲಿಟ್ಟೆನೆಂದು ನೆನಪಾಗುತ್ತಿಲ್ಲ.
ನಿಂತಿತು. ಅವನು ನನ್ನನ್ನೇ ನೋಡುತ್ತಿದ್ದ,
ದಡ್ಡಿಗೆ ಲೆಕ್ಕ ಹೇಳಿಕೊಡುವವನ ಹಾಗೆ.
ಮತ್ತೆ ಬಾರಿಸಿದ. ಈ ಸಲ ಎಣಿಸಿದೆ.
ಹದಿಮೂರು.

ಟೇಪು ಹಿಡಿದು ಹಿಂದೆ ಸರಿದೆ. ಹದಿಮೂರಕ್ಕೆ ಮೊನೆ.
ಮೊದಲು ಬಿಳಿ. ಇನ್ನೂ ಬಿಳಿ.
ಆಮೇಲೆ ಡ್ರಿಲ್ಲಿನ ಗಂಟಲು ದಪ್ಪಗಾಯಿತು,
ಕೈ ಒತ್ತಬೇಕಾಯಿತು,
ತೂತಿನಿಂದ ಕಂದು ಸುರುಳಿಯೊಂದು ಮೆಲ್ಲಗೆ ಇಳಿದು ಬಂತು.
ಐವತ್ತು ವರ್ಷದ ಪೈನ್ ಮರ,
ಅಂಟಿನ ವಾಸನೆ ಇನ್ನೂ ಹಸಿ.
ಏಣಿ ಇಳಿದು ಅವನ ಮೂಗಿಗೆ ಹಿಡಿದೆ.
ಮುಖದ ಎಡಭಾಗ ನಕ್ಕಿತು.

ಯಾಕೋ ಇಲ್ಲಿ ಹದಿಮೂರು? ಮರ ಸಾಲದೆ ಬಂತಾ? ಟಕ್.
ಅಳತೆ ತಪ್ಪಿತಾ? ಟಕ್, ಕೋಪದಿಂದ.
ಕುಡಿದಿದ್ದೆಯಾ? ತುಸು ಹೊತ್ತು ಬಿಟ್ಟು, ಟಕ್.
ಹೌದು, ಅಲ್ಲ ಎನ್ನಬಹುದಾದ ಪ್ರಶ್ನೆಗಳು
ನನ್ನ ಬಳಿ ಅಷ್ಟೇ ಇದ್ದವು.
ಸರಿಯಾದ ಪ್ರಶ್ನೆ ಯಾವುದೆಂದು
ಅವನೊಬ್ಬನಿಗೆ ಗೊತ್ತು, ಕೇಳಬೇಕಾದವಳು ನಾನು.

ಕೊಕ್ಕೆ ತಿರುಪಿದೆ. ಸರಪಳಿ ಹಾಕಿದೆ.
ಅವನ ಭಾರ ಹೇರುವ ಮೊದಲು ನನ್ನದು ಎಂದುಕೊಂಡು
ಎಪ್ಪತ್ತೆರಡರ ಮುದುಕಿ ಹಿಡಿಕೆಗೆ ಜೋತು ಬಿದ್ದೆ,
ಮೊಣಕಾಲು ಮಡಚಿ, ಚಪ್ಪಲಿ ಒಂದು ಕಳಚಿ.
ಸೂರು ಒಮ್ಮೆ ಮುಲುಗಿತು, ಸುಮ್ಮನಾಯಿತು.
ಕೆಳಗೆ ಚಮಚ ಬಡಿಯಿತು, ಎರಡಲ್ಲ,
ಎಷ್ಟೋ.

ಮೂರು ಸುಳ್ಳು ತೂತಿಗೆ ಟೂತ್‌ಪೇಸ್ಟ್ ತುಂಬಿದ್ದೇನೆ.
ಕೋಣೆಯೆಲ್ಲ ಪುದೀನ, ನಡುವೆ ಪೈನ್.